ಬಿದ್ದ ಸೊಳ್ಳೆಗಳ ಲೆಕ್ಕ

ಸೊಳ್ಳೆ ಸಾಕುವುದಕ್ಕೂ ಸಂಬಳ ಕೊಡುತ್ತಾರೆ ಅಂದರೆ ಕೋಲಸಿರ್ಸಿಯಲ್ಲಿ ಮೊದಮೊದಲು ಯಾರೂ ನಂಬಲಿಲ್ಲ. ಭೂಮಿಕಾ ಬೆಳಿಗ್ಗೆ ಸಿದ್ದಾಪುರದ ಬಸ್ಸಿಗೆ ಹೊರಟರೆ ಸಾಕು, ಪಕ್ಕದ ಮನೆಯ ಚೌಡಜ್ಜ ಜಗಲಿಯಿಂದಲೇ ಕೂಗುತ್ತಿದ್ದ.

"ತಂಗೀ, ನಿನ್ ಮಕ್ಳು ಹುಷಾರಿದಾವನೆ? ಹಾಲು ಕುಡ್ದ್ವಾ?"

"ಹಾಲಲ್ಲ ಅಜ್ಜ, ಸಕ್ಕರೆ ನೀರು" ಎಂದು ಹೇಳಬೇಕು ಅಂತ ಅವಳಿಗೆ ದಿನಾ ಅನ್ನಿಸುತ್ತಿತ್ತು. ಮಾತು ಗಂಟಲಿಗೆ ಬರುವಷ್ಟರಲ್ಲಿ ಬಸ್ಸು ಬಂದಿರುತ್ತಿತ್ತು. ಬಿ.ಎಸ್ಸಿ. ಮುಗಿಸಿದ ಹುಡುಗಿ, ನಾಲ್ಕು ಜನರೆದುರು ನಾಲ್ಕು ಮಾತಾಡಲು ಬಾರದು ಎಂದು ನೆಂಟರಿಷ್ಟರೆಲ್ಲ ಆಡಿಕೊಂಡು ಮುಗಿದಿತ್ತು.

ಅವಳು ಕೆಲಸಕ್ಕಿದ್ದ ಕಂಪನಿಯ ಹೆಸರು ಲಕ್ಕಿಕವಚ. ಸಿದ್ದಾಪುರದ ಹೊರಗೆ ಹಳೇ ಅಕ್ಕಿ ಗಿರಣಿಯೊಂದರಲ್ಲಿ ಸೊಳ್ಳೆ ಔಷಧ ಮಾಡುತ್ತಿದ್ದರು. ಔಷಧದ ಪರೀಕ್ಷೆಗೆ ಬೇಕಾದ ಸೊಳ್ಳೆ ಸಾಕಿ ಎಣಿಸುವುದು ಅವಳ ಕೆಲಸ. ಬಾಟಲಿಯ ಮೇಲೆ ಐದು ಬೆರಳು ಚಾಚಿದಂಥ ಲಕ್ಕಿ ಎಲೆಯ ಚಿತ್ರ, ಅದರ ಕೆಳಗೆ 'ಪೂರ್ತಿ ಗಿಡಮೂಲಿಕೆ' ಎಂಬ ಮಾತು. ಸೊಪ್ಪು ಕೊಯ್ದು ಕಳಿಸುತ್ತಿದ್ದವರು ಸುತ್ತಲಿನ ಹಳ್ಳಿಗಳ ಹೆಂಗಸರು. ಭೂಮಿಕಾಳ ಅವ್ವ ನಾಗಿಯೂ ಅವರಲ್ಲೊಬ್ಬಳು. ತಾನು ಕೊಯ್ದ ಸೊಪ್ಪು ಬಾಟಲಿಯಾಗಿ ಮನೆಗೆ ಬಂದಾಗ ನಾಗಿ ಅದನ್ನು ದೇವರ ಗೂಡಿನ ಪಕ್ಕದಲ್ಲೇ ಇಟ್ಟಿದ್ದಳು.

ಆ ಮಳೆಗಾಲ ಊರಿನಲ್ಲಿ ಮೂರು ಜನಕ್ಕೆ ಡೆಂಗ್ಯೂ ಆಯಿತು. ಅಷ್ಟರಲ್ಲೇ ಅಕ್ಕ ಕಾವ್ಯಶ್ರೀ ಏಳು ತಿಂಗಳ ಹೊಟ್ಟೆ ಹೊತ್ತು ತವರಿಗೆ ಬಂದಳು. ಡೆಂಗ್ಯೂ ಸೊಳ್ಳೆ ಕಚ್ಚುವುದು ಹಗಲಲ್ಲಿ. ಮಧ್ಯಾಹ್ನ ಅಕ್ಕ ಮಲಗುವ ಜಾಗಕ್ಕೆ ಭೂಮಿಕಾ ಸೊಳ್ಳೆಪರದೆ ಕಟ್ಟಿದರೆ, ಅವ್ವ ಬಿಚ್ಚಿ ಮಡಚಿಟ್ಟಳು.

"ಹಗಲೊತ್ತಲ್ಲಿ ಯಾರಾರೂ ಪರದೆ ಕಟ್ತಾರನೆ? ನೋಡ್ದೋರು ನಗ್ತಾರೆ. ನಿಮ್ ಕಂಪನಿ ಔಷಧ ಹೊಡ್ದೀನಲ್ಲ. ನಾನೇ ಕೊಯ್ದ ಸೊಪ್ಪು, ಸುಳ್ಳಾಗ್ತದಾ?"

ಆದರೆ ಮನೆ ಹಿತ್ತಿಲಿನ ಡ್ರಮ್ಮಿನಲ್ಲಿ ಕಂಡದ್ದು ಭೂಮಿಕಾಳ ನಿದ್ದೆ ಕೆಡಿಸಿತ್ತು. ಗದ್ದೆಗೆ ಔಷಧ ಹೊಡೆದು ಬಂದವರು ಬೆನ್ನಿನ ಕ್ಯಾನು ತೊಳೆಯುವುದು ಆ ಡ್ರಮ್ಮಿನ ನೀರಲ್ಲೇ. ಅಪ್ಪನ ಕಾಲದಿಂದ ಹಾಗೇ. ಚೌಡಜ್ಜನೂ ಅಲ್ಲೇ ತೊಳೆಯುತ್ತಿದ್ದ. ಔಷಧದ ನೀರಲ್ವಾ, ಹುಳ ಆಗಲ್ಲ ಎಂಬ ಧೈರ್ಯದಲ್ಲಿ ಅದನ್ನು ಯಾರೂ ಚೆಲ್ಲುತ್ತಿರಲಿಲ್ಲ. ಆ ನೀರಿನಲ್ಲಿ ಸೊಳ್ಳೆಮರಿಗಳು ತಲೆಕೆಳಗಾಗಿ ಜೋತಾಡುತ್ತ ಸುಖವಾಗಿದ್ದವು.

ಅವಳು ಅವನ್ನು ಡಬ್ಬಿಗೆ ತುಂಬಿ ಕೆಲಸದ ಜಾಗಕ್ಕೆ ಒಯ್ದಳು, ಸಾಕಿದಳು, ರೆಕ್ಕೆ ಬಂದ ಮೇಲೆ ನೂರು ಎಣಿಸಿ ಲಕ್ಕಿಕವಚ ಹೊಡೆದಳು. ಅರ್ಧ ತಾಸಿಗೆ ನೂರೂ ಉರುಳಿದವು. ನಿಯಮದಂತೆ ಬೇರೆ ಚೊಕ್ಕ ಪಂಜರಕ್ಕೆ ಹಾಕಿ, ಸಕ್ಕರೆ ನೀರಿನ ಹತ್ತಿ ಇಟ್ಟು, ಮರುದಿನ ಅದೇ ಹೊತ್ತಿಗೆ ನೋಡಿದರೆ ಅರವತ್ತಮೂರು ಎದ್ದು ಹಾರುತ್ತಿದ್ದವು. ಮೂರು ಸಲ ಮಾಡಿದಳು. ಮೂರು ಸಲವೂ ಅರ್ಧಕ್ಕಿಂತ ಹೆಚ್ಚು ಎದ್ದವು.

ಮ್ಯಾನೇಜರ್ ಮಧುಕೇಶ್ವರ ಬನವಾಸಿ ಕಡೆಯವರು. ಅವಳ ಲೆಕ್ಕದ ಪುಸ್ತಕವನ್ನು ಕನ್ನಡಕದ ಮೇಲಿನಿಂದ ನೋಡಿದರು.

"ಒಂದ್ ತಾಸಿಗೆ ಎಷ್ಟ್ ಬಿದ್ದಿದ್ವು?"

"ನೂರೂ, ಸರ್."

"ಮತ್ತೇನ್ರಿ! ನೂರಕ್ಕ ನೂರು. ಅದನ್ನ ಬರೀರಿ."

"ಮರುದಿನ ಎದ್ದಾವೆ ಸರ್…"

"ಮರುದಿನ ಯಾರ್ ನೋಡ್ತಾರ್ರಿ? ಅಲ್ಲಾ, ನಮ್ಮವೇ ಸೊಳ್ಳಿ ಇರಬೇಕಾದ್ರ ಎಲ್ಲೋ ಗಟಾರದಾಗಿಂದ ಯಾಕ ತಂದ್ರಿ? ತಪ್ಪು ಸೊಳ್ಳಿ ಅವು."

ಕಂಪನಿಯ ಸೊಳ್ಳೆ ಅಂದರೆ ಪಂಜರದಲ್ಲೇ ಹುಟ್ಟಿ ಪಂಜರದಲ್ಲೇ ಸಾಯುವ, ಹತ್ತಾರು ತಲೆಮಾರಿನಿಂದ ವಿಷದ ವಾಸನೆಯನ್ನೇ ಕಾಣದ ಮುದ್ದಿನ ಸೊಳ್ಳೆ. ಅವು ಸತ್ತೇ ಸಾಯುತ್ತವೆ. ಕೋಲಸಿರ್ಸಿಯವು ಸುರುಳಿ ಬತ್ತಿಯ ಹೊಗೆ ಕುಡಿದು, ಗದ್ದೆ ಔಷಧದಲ್ಲಿ ಈಜಿ ಬೆಳೆದವು. ಬಾಟಲಿಯಲ್ಲಿದ್ದದ್ದೂ ಅದೇ ಕುಲದ ವಿಷ. ಆ ವಿಷ ತುಂಬಿದ ನೀಲಿ ಬ್ಯಾರಲ್ಲುಗಳು ಗಿರಣಿಗೆ ಬರುವುದನ್ನು ಅವಳು ಕಣ್ಣಾರೆ ನೋಡಿದ್ದಳು. ಬರೀ ಲಕ್ಕಿ ಎಣ್ಣೆಯನ್ನೂ ಕೈಗೆ ಹಚ್ಚಿ ನೋಡಿದ್ದಳು: ಸೊಳ್ಳೆ ಎರಡು ತಾಸು ಹತ್ತಿರ ಸುಳಿಯುವುದಿಲ್ಲ, ಸಾಯುವುದೂ ಇಲ್ಲ. ಅಷ್ಟನ್ನೇ ನಿಯತ್ತಾಗಿ ಬರೆದು ಮಾರಿದ್ದರೆ ಆಗುತ್ತಿರಲಿಲ್ಲವೆ? ಅವ್ವನಂಥವರು ಬೆರಳು ಕಪ್ಪಾಗುವವರೆಗೆ ಕೊಯ್ದ ಸೊಪ್ಪು ಹಿಂದಿನ ಕೋಣೆಯಲ್ಲಿ ಮೂಟೆಗಟ್ಟಲೆ ಬೂಸಲು ಹಿಡಿದಿತ್ತು.

"ಆ ಸೊಪ್ಪು, ಸರ್?" ಎಂದಳು, ಹೇಗೋ ಧೈರ್ಯ ಮಾಡಿ.

"ವಾಸನಿಗೆ ಒಂದೀಟು ಬೇಕಲ್ರಿ. ಮತ್ತ ಬಾಟ್ಲಿ ಮ್ಯಾಲಿನ ಚಿತ್ರಕ್ಕ." ಅವರು ನಕ್ಕರು. "ಗುರುವಾರ ನಿಮ್ಮೂರಾಗ ಹೊಡದು ತೋರಸೂದೈತಿ. ಊರ ಮಂದಿ ಒಪ್ಪಿದ್ರ ಮನಿ ಮನಿಗೂ ನಮ್ದ ಔಷಧ. ಪಂಜರಾ ನೀವ ಹಿಡೀರಿ. ಊರ ಹುಡುಗಿ ಕೈಯಾಗ ಇದ್ರ ಮಂದಿ ನಂಬ್ತಾರ."

ಬಸ್ಸಿನಲ್ಲಿ ಕೂತ ಮೇಲೆ ಅವಳ ಕಿವಿ ಬಿಸಿಯಾಯಿತು. ಔಷಧದ ಸುಳ್ಳಿಗಿಂತ ಆ ಕೊನೆಯ ಮಾತು ಹೆಚ್ಚು ಉರಿಸಿತು. ತಾನು ಯಾರೆದುರೂ ಬಾಯಿ ಬಿಡುವವಳಲ್ಲ ಎಂದು ಗೊತ್ತಿದ್ದೇ ಆ ಮನುಷ್ಯ ತನ್ನ ಕೈಗೆ ಪಂಜರ ಕೊಡುತ್ತಿದ್ದಾನೆ. ಅಕ್ಕನ ಪಕ್ಕದಿಂದ ಪರದೆ ಬಿಚ್ಚಿಸಿದ್ದು ಅವ್ವನಲ್ಲ, ಆ ಬಾಟಲಿ. ಅದರ ಮೇಲೀಗ ತನ್ನ ಮುಖವನ್ನೂ ಅಂಟಿಸುತ್ತಾರೆ.

ಗುರುವಾರ ಸಮುದಾಯ ಭವನ ತುಂಬಿತ್ತು. ಪಂಜರದಲ್ಲಿ ನಲವತ್ತು ಸೊಳ್ಳೆ. ಮಧುಕೇಶ್ವರರು ಔಷಧ ಹೊಡೆದರು. ಇಪ್ಪತ್ತು ನಿಮಿಷಕ್ಕೆ ಒಂದೂ ಹಾರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಸೊಪ್ಪು ಕೊಯ್ದ ಹೆಂಗಸರ ನಡುವೆ ನಾಗಿ ಎಲ್ಲರಿಗಿಂತ ಜೋರಾಗಿ ತಟ್ಟಿದಳು.

"ಒಗೀರಿ ಹೊರಗ" ಎಂದರು ಮಧುಕೇಶ್ವರರು.

ಭೂಮಿಕಾ ಪಂಜರ ಬಿಡಲಿಲ್ಲ.

"ಇವು ಸತ್ತಿಲ್ಲ." ದನಿ ಅವಳಿಗೇ ಕೇಳುವಷ್ಟಿತ್ತು. ಇನ್ನೊಮ್ಮೆ ಹೇಳಿದಳು. "ಇವು ಸತ್ತಿಲ್ಲ, ಬಿದ್ದಾವೆ ಅಷ್ಟೆ. ಕಂಪನಿ ಸೊಳ್ಳೆ ಅಲ್ಲ, ನಮ್ಮನೆ ಡ್ರಮ್ಮಿನವು. ನಾಳೆ ಇದೇ ಹೊತ್ತಿಗೆ ಬನ್ನಿ."

ಬಿದ್ದವನ್ನು ಕುಂಚದಿಂದ ಮೆಲ್ಲಗೆ ಗುಡಿಸಿ ಚೊಕ್ಕ ಪಂಜರಕ್ಕೆ ಹಾಕಿದಳು. ಮೇಲೆ ಸಕ್ಕರೆ ನೀರಿನ ಹತ್ತಿ ಇಟ್ಟಳು. ಚೌಡಜ್ಜ ಹೊಟ್ಟೆ ಹಿಡಿದು ನಕ್ಕ.

"ಸತ್ತೋರಿಗೆ ಎಡೆ ಇಡ್ತಾಳೆ ನೋಡ್ರೋ ಈ ಕೂಸು!"

ಭವನಕ್ಕೆ ಬೀಗ ಹಾಕಿ ಕೀಲಿಕೈಯನ್ನು ಅವಳು ಅದೇ ಚೌಡಜ್ಜನ ಕೈಗೆ ಕೊಟ್ಟಳು. "ನಾನು ಬದಲಿಸಿದೆ ಅಂತ ನಾಳೆ ಯಾರೂ ಹೇಳಬಾರದು, ಅಜ್ಜ."

ಮಧುಕೇಶ್ವರರು ಅವಳ ಕಡೆ ನೋಡದೆ ಜೀಪು ಹತ್ತಿದರು. ನಾಳೆ ಯಾರು ಬರುತ್ತಾರೆ ಎಂಬ ಧೈರ್ಯ ಅವರಿಗೆ.

ಬಂದರು. ನೋಡಲಿಕ್ಕಲ್ಲ, ನಗಲಿಕ್ಕೆ ಬಂದರು. ಬೀಗ ತೆಗೆದ ಚೌಡಜ್ಜ ಪಂಜರಕ್ಕೆ ಮುಖ ಹಚ್ಚಿದವನು ಹಾಗೇ ನಿಂತ.

"ಎಲಾ ಇವನ! ಎದ್ದಾವಲ್ಲೋ!"

ಎಣಿಸಿದರು. ಹಾರಾಡುವುದನ್ನು ಎಣಿಸುವುದು ಸುಲಭವಲ್ಲ, ಜಗಳವೇ ಆಯಿತು. ಕಡೆಗೆ ಕೆಳಗೆ ಸತ್ತು ಬಿದ್ದವನ್ನು ಎಣಿಸಿ ಕಳೆದರು. ಹದಿಮೂರು ಸತ್ತಿದ್ದವು. ಇಪ್ಪತ್ತೇಳು ಹಾರುತ್ತಿದ್ದವು, ಹತ್ತಿಯ ಮೇಲೆ ಕೂತು ಸಕ್ಕರೆ ನೀರು ಹೀರುತ್ತಿದ್ದವು.

ನಾಗಿ ಪಂಜರದ ಹತ್ತಿರ ಬರಲಿಲ್ಲ. ಬಾಗಿಲಲ್ಲೇ ನಿಂತು, "ನನ್ನ ಸೊಪ್ಪು?" ಎಂದಳು.

"ಬೂಸಲು ಹಿಡಿದು ಬಿದ್ದೈತೆ ಅವ್ವ. ವಾಸನೆಗಷ್ಟೇ ಬೇಕಂತೆ."

"ಹಂಗಾರೆ ನಾನು ಮನೆ ತುಂಬ ಹೊಡ್ದಿದ್ದು ಎಂತದು? ಬಸುರಿ ಮಲಗೋ ಜಾಗಕ್ಕೆ ಹೊಡ್ದಿದ್ದು ಎಂತದೇ?"

ಉತ್ತರಕ್ಕೆ ಕಾಯದೆ ನಾಗಿ ಸರಸರ ನಡೆದಳು. ಭೂಮಿಕಾ ಮನೆ ಮುಟ್ಟುವಷ್ಟರಲ್ಲಿ ಹಿತ್ತಿಲಿನ ಡ್ರಮ್ಮು ಒಣಮಣ್ಣಿನ ಮೇಲೆ ಕವುಚಿ ಬಿದ್ದಿತ್ತು. ಒಳಗೆ ನಾಗಿ ಹಾಡಹಗಲಲ್ಲಿ ಕಿಟಕಿಯ ಸರಳಿಗೆ ಪರದೆಯ ದಾರ ಬಿಗಿಯುತ್ತಿದ್ದಳು. "ನಗೋರು ನಗ್ಲಿ" ಎಂದು ಯಾರಿಗೋ ಬೈಯುತ್ತಿದ್ದಳು.

ಮಧ್ಯಾಹ್ನ ಫೋನು ಬಂತು. "ನಾಳೆಯಿಂದ ಬರಬ್ಯಾಡ್ರಿ" ಎಂದರು ಮಧುಕೇಶ್ವರರು. "ಉಂಡ ಮನಿಗೆ ದ್ರೋಹ ಮಾಡಿದ್ರಿ. ಅದೂ ತಪ್ಪು ಸೊಳ್ಳಿ ಹಿಡಕೊಂಡು."

"ನಮ್ಮನ್ನ ಕಚ್ಚೋದು ಅವೇ, ಸರ್" ಎಂದಳು ಭೂಮಿಕಾ.

ಸೋಮವಾರ ವಾನಳ್ಳಿಯಲ್ಲಿ ಲಕ್ಕಿಕವಚದ ಪ್ರದರ್ಶನವಿದೆ ಎಂದು ಸುದ್ದಿ ಬಂತು. ಅಲ್ಲಿಯೂ ಅರ್ಧ ತಾಸಿಗೆ ಚಪ್ಪಾಳೆ ಬೀಳುತ್ತದೆ, ಪಂಜರ ಹೊರಗೆ ಹೋಗುತ್ತದೆ, ಯಾವುದೋ ಮನೆಯಲ್ಲಿ ಯಾರೋ ಪರದೆ ಮಡಚಿಡುತ್ತಾರೆ. ಭೂಮಿಕಾ ಹಳೇ ಸೊಳ್ಳೆಪರದೆಯ ತುಂಡೊಂದನ್ನು ತಂತಿಗೆ ಹೊಲಿದು ಹೊಸ ಪಂಜರ ಮಾಡಿಕೊಂಡಳು. ಹತ್ತಿ, ಕುಂಚ, ಸಕ್ಕರೆ ನೀರಿನ ಬಾಟಲಿ ಚೀಲಕ್ಕೆ ಹಾಕಿದಳು. ಸೊಳ್ಳೆಯನ್ನು ವಾನಳ್ಳಿಯ ಮನೆಗಳಲ್ಲೇ ಹಿಡಿದರಾಯಿತು.

ಸೋಮವಾರ ಬೆಳಿಗ್ಗೆ ಚಪ್ಪಲಿ ಮೆಟ್ಟುವಾಗ ನೋಡಿದರೆ ನಾಗಿ ಸೀರೆ ಬದಲಿಸಿ ಅಂಗಳದಲ್ಲಿ ನಿಂತಿದ್ದಳು. ಸೊಂಟಕ್ಕೆ ಸೊಪ್ಪಿನ ಕತ್ತಿ ಸಿಕ್ಕಿಸಿಕೊಂಡಿದ್ದಳು.

"ಕತ್ತಿ ಎಂತಕ್ಕೆ ಅವ್ವ?"

"ಅಭ್ಯಾಸ" ಎಂದು ನಾಗಿ ಅದನ್ನು ಜಗಲಿಯ ಮೇಲಿಟ್ಟಳು. "ನಡಿ, ಬಸ್ಸು ಹೋಗ್ತದೆ. ಸೊಪ್ಪಿನ ಮಾತು ನಾನು ಆಡ್ತೀನಿ. ಸೊಳ್ಳೆದು ನೀನು ಆಡು."