ಪಲ್ಪರ್ ಸಿದ್ದಬಸಪ್ಪನ ಚಿನ್ನದ ದೋಣಿ

ಸಿದ್ದಬಸಪ್ಪ ಒಣನೆಲದ ಮೇಲೂ ನೀರಿನಲ್ಲಿ ನಡೆಯುವವನಂತೆ ನಡೆಯುತ್ತಿದ್ದ. ಹೆತ್ತೂರಿನ ಟಾರು ರಸ್ತೆಯಿರಲಿ, ಸಕಲೇಶಪುರದ ಬಸ್ ನಿಲ್ದಾಣದ ಸಿಮೆಂಟು ನೆಲವಿರಲಿ, ಒಂದು ಕಾಲನ್ನು ಅಗತ್ಯಕ್ಕಿಂತ ಒಂದು ಗೇಣು ಮೇಲೆತ್ತಿ, ಮುಂದೆ ಚಾಚಿ, ಕೆಳಗೆ ನೆಲ ಸಿಗುತ್ತದೋ ಇಲ್ಲವೋ ಎಂದು ಹೆಬ್ಬೆರಳಿನಿಂದ ತಡವಿ ನೋಡಿ, ಆಮೇಲಷ್ಟೇ ಮೈಭಾರವನ್ನು ಅದರ ಮೇಲೆ ಬಿಡುತ್ತಿದ್ದ. ಮೂವತ್ತೆರಡು ವರ್ಷ ಕಾಫಿ ತೊಳೆಯುವ ತೊಟ್ಟಿಯಲ್ಲಿ, ಜಾರುವ ಬೀಜಗಳ ನಡುವೆ, ಮೊಣಕಾಲುದ್ದ ನೀರಿನಲ್ಲಿ ನಿಂತು ಸವೆದ ಕಾಲುಗಳು ಅವು. ಅವುಗಳಿಗೆ ಒಣನೆಲದ ಮೇಲೆ ನಂಬಿಕೆಯೇ ಉಳಿದಿರಲಿಲ್ಲ. ಕೂಲಿಗಳ ಮನೆಸಾಲಾದ ಲೈನಿನ ಹೆಂಗಸರು ಅವನ ನಡಿಗೆಯನ್ನು ಕಂಡು ಸೆರಗಿನೊಳಗೆ ನಗುತ್ತಿದ್ದರು, ನಾನೂ ಮೊದಲೆರಡು ವರ್ಷ ನಕ್ಕಿದ್ದೇನೆ.

ಆಗ ನಾನು ಹೆತ್ತೂರಿನ ಆಚೆಗಿನ ಆ ಎಸ್ಟೇಟಿನಲ್ಲಿ ರೈಟರ್. ಹಾಜರಿ ಬರೆಯುವುದು, ಮಳೆ ಅಳೆಯುವುದು, ಧಣಿಗಳ ಬೈಗುಳವನ್ನು ಮೇಸ್ತ್ರಿಗಳಿಗೆ ಸ್ವಲ್ಪ ಮೃದುಗೊಳಿಸಿ ದಾಟಿಸುವುದು ನನ್ನ ಕೆಲಸ. ನನಗಿಂತ ಹದಿನೈದು ವರ್ಷ ಹಿರಿಯನಾದ ಸಿದ್ದಬಸಪ್ಪನನ್ನು ತೋಟದ ಕೆಟ್ಟ ರೂಢಿಯಂತೆ ಏಕವಚನದಲ್ಲೇ ಕರೆಯುತ್ತಿದ್ದೆ. ಈ ಬರಹದಲ್ಲಾದರೂ ಬಹುವಚನ ಸಲ್ಲಿಸೋಣವೆಂದು ಪ್ರಯತ್ನಿಸಿದೆ, ಕೈ ಒಪ್ಪಲಿಲ್ಲ. ಅವನು ಆಲೂರಿನ ಕಡೆಯವನು. ಹಣೆಯ ತುಂಬ ವಿಭೂತಿ ಬಳಿದುಕೊಂಡು ಬೆಳಿಗ್ಗೆ ಕಾಫಿ ಹಣ್ಣು ಸುಲಿದು ತೊಳೆಯುವ ಪಲ್ಪರ್ ಮನೆಗೆ ಇಳಿದರೆ ಹತ್ತು ಗಂಟೆಯ ಹೊತ್ತಿಗೆ ಅದು ಬೆವರಿನೊಂದಿಗೆ ಕರಗಿ ಕೆನ್ನೆಗೆ ಬಂದಿರುತ್ತಿತ್ತು. ಏನು ಕೇಳಿದರೂ ಕೇಳಿದವರ ಕೊನೆಯ ಮಾತನ್ನು ತಾನೊಮ್ಮೆ ಉಚ್ಚರಿಸಿ, ಅದನ್ನು ಬಾಯಲ್ಲಿ ಸ್ವಲ್ಪ ನೆನೆಸಿ, ಆಮೇಲೆ ಉತ್ತರ ಕೊಡುವುದು ಅವನ ಅಭ್ಯಾಸ. "ಊಟ ಆಯ್ತೇನೋ?" ಎಂದರೆ "ಆಯ್ತೇನೋ..." ಎಂದು ಗುಡ್ಡದ ಕಡೆ ನೋಡಿ, ಒಂದು ಉಸಿರಿನ ನಂತರ "ಆಯ್ತು ಬುಡಿ" ಎನ್ನುತ್ತಿದ್ದ. ಒಮ್ಮೆ ಧಣಿಗಳು ತಮ್ಮ ಹಳೆಯ ಉಣ್ಣೆಯ ಕೋಟನ್ನು ಅವನಿಗೆ ಕೊಟ್ಟರು. ಅವನು ಅದನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡು ಮನೆಗೊಯ್ದು, ನೀರಿನಲ್ಲಿ ನೆನೆಯಬಾರದೆಂದು ಎರಡೂ ತೋಳುಗಳನ್ನು ಮೊಣಕೈಯವರೆಗೆ ಕತ್ತರಿಸಿ, ಮರುದಿನ ಅವರೆದುರಿಗೇ ತೊಟ್ಟು ಬಂದ. ಆಮೇಲೆ ಧಣಿಗಳು ಅವನಿಗೆ ಏನನ್ನೂ ಕೊಡಲಿಲ್ಲ.

ಕಾಫಿ ತೊಳೆಯುವುದೆಂದರೆ ತಿಳಿಯದವರಿಗೆ ಬರೀ ನೀರು ಹಾಯಿಸುವ ಕೆಲಸವೆನ್ನಿಸುತ್ತದೆ. ಹಣ್ಣಿನ ಸಿಪ್ಪೆ ಸುಲಿಸಿಕೊಂಡು ಬಂದ ಬೀಜ ತೊಟ್ಟಿಯಲ್ಲಿ ಹುಳಿತು ಲೋಳೆ ಬಿಡಬೇಕು. ಬಿಟ್ಟ ಕ್ಷಣವನ್ನು ಕೈಬೆರಳೇ ಹೇಳಬೇಕು. ಆಮೇಲೆ ಕಾಲುವೆಗೆ ನೀರು ಬಿಟ್ಟು, ಉದ್ದ ಹಿಡಿಯ ಮರದ ಹಲಗೆಯಿಂದ ಬೀಜವನ್ನು ಪ್ರವಾಹದ ಎದುರಿಗೆ ತಳ್ಳಿ, ಕಲಕಿ, ಮತ್ತೆ ತಳ್ಳಿ, ಮತ್ತೆ ಕಲಕಿ, ಜೊಳ್ಳು ತೇಲಿ ಹೋಗುವವರೆಗೆ, ಗಟ್ಟಿ ಬೀಜ ಕಲ್ಲಿನ ಹಾಗೆ ಸದ್ದು ಮಾಡುವವರೆಗೆ ತೋಳಿಗೆ ಬಿಡುವು ಕೊಡಬಾರದು. ಕೈ ನಿಂತರೆ ಕಾಫಿ ಕೆಟ್ಟಿತು. ಮೂವತ್ತೆರಡು ವರ್ಷ ಆ ಕೈ ನಿಂತಿರಲಿಲ್ಲ. ತೊಂಬತ್ತೊಂಬತ್ತನೆಯ ಇಸವಿಯಲ್ಲಿ, ತೊಳೆದ ನೀರಿನಿಂದ ಕೆಳಗಿನ ಹಳ್ಳ ನಾರುತ್ತದೆಂಬ ದೂರುಗಳು ಹೆಚ್ಚಾಗಿ, ಇನ್ನು ಹಣ್ಣನ್ನು ಹಾಗೆಯೇ ಒಣಗಿಸಿ ಮಾರುವುದೆಂದು ಧಣಿಗಳು ತೀರ್ಮಾನಿಸಿದರು. ಪಲ್ಪರ್ ಮನೆಗೆ ಬೀಗ ಬಿತ್ತು. ಸಿದ್ದಬಸಪ್ಪನನ್ನು ಕೆಲಸದಿಂದ ತೆಗೆಯದೆ, ಅದೇ ಬೀಗ ಕಾಯುವುದಕ್ಕೆ ಹಾಕಿದರು. ಅವನು ಖಾಲಿ ತೊಟ್ಟಿಯ ಕಟ್ಟೆಯ ಮೇಲೆ ಕೂತಿರುತ್ತಿದ್ದುದನ್ನು ನೋಡಿದರೆ ನನಗೇ ಆಯಾಸವಾಗುತ್ತಿತ್ತು.

ಮರುವರ್ಷ ಭೂಗರ್ಭ ಪರೀಕ್ಷೆಯವರೆಂದು ನಾಲ್ಕು ಜನ ಬಂದು ಹದಿನೈದು ದಿನ ತೋಟದಲ್ಲಿ ಉಳಿದರು. ಅವರ ಪೆಟ್ಟಿಗೆಗಳನ್ನು ಹೊರಲು ಸಿದ್ದಬಸಪ್ಪ ಹೋದ. ಅವರಲ್ಲೊಬ್ಬ ಹಳ್ಳದ ಮರಳನ್ನು ತಟ್ಟೆಯಲ್ಲಿ ತಿರುಗಿಸಿ ತಿರುಗಿಸಿ, ಕೊನೆಗೆ ತಳದಲ್ಲಿ ನಿಂತ ಸಾಸಿವೆಗಿಂತ ಚಿಕ್ಕದೊಂದು ಹಳದಿ ಚುಕ್ಕೆಯನ್ನು ತೋರಿಸಿದನಂತೆ. ಇಷ್ಟಕ್ಕೆಲ್ಲ ಗಣಿ ತೋಡುವುದಿಲ್ಲವೆಂದು ಹೇಳಿ ತಟ್ಟೆಯನ್ನು ಹಳ್ಳಕ್ಕೇ ಮಗುಚಿದನಂತೆ. ಆದರೆ ಹೋಗುವ ಮುಂಚೆ, ಸಿದ್ದಬಸಪ್ಪ ಬಿಡದೆ ಕೇಳಿದ್ದಕ್ಕೆ, ಮರಳು ತೊಳೆಯುವ ಒಂದು ಮರದ ಕಾಲುವೆಯ ಚಿತ್ರವನ್ನು ಸಿಗರೇಟು ಪ್ಯಾಕಿನ ಹಿಂಬದಿಗೆ ಬರೆದುಕೊಟ್ಟ. ಆ ಸಂಜೆ ಸಿದ್ದಬಸಪ್ಪ ಅದನ್ನು ಹಿಡಿದು ಆಫೀಸಿಗೆ ಬಂದ.

"ರೈಟ್ರೇ, ಎಷ್ಟ್ ಸಾವ್ರ ಮೂಟೆ ತೊಳ್ದಿದೀನೋ ನಿಮ್ ಪುಸ್ತಕ್ದಾಗೆ ಐತೆ. ಅದ್ರಾಗೆ ಒಂದ್ ಕಾಳೂ ನಂದಲ್ಲ. ಹಳ್ಳ ಯಾರಪ್ಪನ್ದೂ ಅಲ್ಲ. ಒಂದೇ ಒಂದ್ ದಪ ನಂದೂ ಅಂತ ಏನಾರ ತೊಳ್ದು ತೆಗೀಬೇಕು ಕಣ್ರೀ."

ಅವನು ಅಷ್ಟು ದೀರ್ಘವಾಗಿ ಮಾತಾಡಿದ್ದನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ. ಸಿರಿವಂತನಾಗುವ ಹುಚ್ಚು ಅವನಿಗೆ ಹತ್ತಿರಲಿಲ್ಲ. ಅದಾಗಿದ್ದರೆ ನಾನು ಗದರಿಸಿ ಕಳಿಸುತ್ತಿದ್ದೆ.

ಪಲ್ಪರ್ ಮನೆಯ ಹಿಂದೆ ಬಿದ್ದಿದ್ದ ಸಿಲ್ವರ್ ಓಕ್ ಮರದ ಮೂರು ಹಲಗೆಗಳನ್ನು ನನ್ನಿಂದ ಕೇಳಿ ಪಡೆದು ಅವನು ಆ ಕಾಲುವೆಯನ್ನು ಕಟ್ಟತೊಡಗಿದ. ಒಂದಾಳುದ್ದ, ಒಂದು ಮೊಳ ಅಗಲ, ಮೇಲುಗಡೆ ತೆರೆದ ಪೆಟ್ಟಿಗೆ. ನೋಡಿದವರು ಅದನ್ನು ಸಿದ್ದಬಸಪ್ಪನ ದೋಣಿ ಎಂದರು, ಹೆಸರು ನಿಂತಿತು. ತಳಕ್ಕೆ ಕಾಫಿಯ ಗೋಣಿತಾಟು, ಅದರ ಮೇಲೆ ಅಡ್ಡಡ್ಡಲಾಗಿ ಬೆರಳು ದಪ್ಪದ ಮರದ ರೀಪುಗಳು. ನೀರು ಮರಳನ್ನು ಒಯ್ಯುವಾಗ ಭಾರವಾದದ್ದು ರೀಪಿನ ಹಿಂದೆ ಕುಸಿದು ಗೋಣಿಯ ನಾರಿನಲ್ಲಿ ಸಿಕ್ಕಿಕೊಳ್ಳಬೇಕು. ಇಷ್ಟೇ ಅದರ ತತ್ವ. ಮೊದಲ ಸಲ ಇಳಿಜಾರು ಹೆಚ್ಚಾಗಿ ನೀರು ಮರಳನ್ನೂ ಗೋಣಿಯನ್ನೂ ಒಟ್ಟಿಗೆ ಕೊಂಡೊಯ್ದಿತು. ಎರಡನೆಯ ಸಲ ಕಡಿಮೆಯಾಗಿ ಮರಳು ಅಲ್ಲೇ ಗುಡ್ಡೆಯಾಯಿತು. ಅರ್ಧ ನೀರು ತುಂಬಿದ ಬ್ರಾಂದಿ ಬಾಟಲಿಯನ್ನು ದೋಣಿಯಲ್ಲಿ ಮಲಗಿಸಿ, ನೀರಿನ ಓರೆಯನ್ನು ನೋಡುತ್ತ ಕಲ್ಲಿನ ಚಿಪ್ಪುಗಳನ್ನು ಕೆಳಗೆ ತೂರಿಸಿ, ಅವನು ಒಂದು ವಾರ ಬರೀ ಇಳಿಜಾರನ್ನೇ ಸಾಧಿಸಿದ.

ಅಷ್ಟಾದರೂ ಏನೂ ನಿಲ್ಲಲಿಲ್ಲ. ಎರಡು ಚಳಿಗಾಲ ಬೆಳಗಿನ ಮಂಜಿನಲ್ಲಿ ತಣ್ಣೀರಿಗಿಳಿದು, ಬಾಂಡ್ಲಿ ಬಾಂಡ್ಲಿ ಮರಳು ಸುರಿದು, ಸಂಜೆ ಗೋಣಿಯನ್ನು ಬಕೆಟ್ಟಿನಲ್ಲಿ ಜಾಲಿಸಿದರೆ ಕರಿಮರಳಿನ ಹೊರತು ಮತ್ತೇನೂ ಇರುತ್ತಿರಲಿಲ್ಲ. ಒಂದು ಭಾನುವಾರ ನಾನು ದಡದಲ್ಲಿ ಕೂತು ನೋಡಿದೆ. ಅವನು ಮರಳು ಸುರಿದ. ಸುರಿದ ಕೂಡಲೇ ಹಳೆಯ ಹಲಗೆಯನ್ನು ಎತ್ತಿಕೊಂಡು ದೋಣಿಯ ಉದ್ದಕ್ಕೂ ತಳ್ಳಿ, ಕಲಕಿ, ಮತ್ತೆ ತಳ್ಳಿ, ಮತ್ತೆ ಕಲಕಿದ. ಕಾಫಿಗೆ ಮಾಡುತ್ತಿದ್ದ ಸೇವೆಯನ್ನೇ ಅವನು ಚಿನ್ನಕ್ಕೂ ಮಾಡುತ್ತಿದ್ದ. ರೀಪಿನ ಹಿಂದೆ ಕುಸಿಯಬೇಕಾದದ್ದನ್ನೆಲ್ಲ ಎಬ್ಬಿಸಿ ನೀರಿಗೆ ಕೊಡುತ್ತಿದ್ದ.

"ಕಲಕಬೇಡವೋ, ನೀರಿಗೆ ಬಿಡು," ಎಂದೆ.

"ನೀರಿಗೆ ಬಿಡು..." ಎಂದು ಯೋಚಿಸಿದ. "ಕೈ ನಿಲ್ಲಾಕಿಲ್ಲ ರೈಟ್ರೇ. ನಿಂತ್ರೆ ತಪ್ಪು ಮಾಡ್ದಂಗಾಯ್ತದೆ."

ಹಲಗೆಯನ್ನು ಕಸಿದಿಟ್ಟೆ, ಬರಿಗೈಯಲ್ಲಿ ಕಲಕಿದ. ಅವನಿಗೆ ಹೇಳಿ ಪ್ರಯೋಜನವಿರಲಿಲ್ಲ.

ಮೂರನೆಯ ಚಳಿಗಾಲಕ್ಕೆ ಅವನ ಕಾಲುಗಳು ಊದಿಕೊಂಡವು. ಹತ್ತು ಹೆಜ್ಜೆಗೆ ಉಸಿರು ಸಿಳ್ಳೆ ಹಾಕುತ್ತಿತ್ತು. ಆದರೂ ಇಳಿಯುತ್ತಿದ್ದ. ಜನವರಿಯ ಒಂದು ದಿನ ನಾಲ್ಕು ಬಾಂಡ್ಲಿ ಸುರಿಯುವಷ್ಟರಲ್ಲಿ ಸುಸ್ತಾಗಿ, ಕೈ ಮೇಲೇಳದೆ, ದೋಣಿಯ ಪಕ್ಕದ ಬಂಡೆಗೆ ಒರಗಿ ಕೂತುಬಿಟ್ಟ. ಬಹುಶಃ ನಿದ್ದೆಯೂ ಹೋದ. ನೀರು ತನ್ನ ಪಾಡಿಗೆ ತಾನು ಹರಿಯಿತು. ಮಧ್ಯಾಹ್ನ ಎದ್ದು, ಬೇಸರದಿಂದಲೇ ಗೋಣಿ ಜಾಲಿಸಿದಾಗ ಬಕೆಟ್ಟಿನ ತಳದಲ್ಲಿ ಹಳದಿ ಕಣಗಳು ಕೂತಿದ್ದವು. ಮೂವತ್ತೈದು ವರ್ಷಗಳಲ್ಲಿ ಮೊದಲ ಬಾರಿಗೆ ಅವನು ದಣಿವಿಗೆ ಶರಣಾಗಿದ್ದ, ಆ ದಿನವೇ ಅವನಿಗೆ ಸಿಕ್ಕಿತು. ಆಮೇಲೆ ಒಂದು ತಿಂಗಳು ಹಾಗೆಯೇ, ಸುರಿಯುವುದು, ಕೂರುವುದು. ಇಂಜೆಕ್ಷನ್ ಮದ್ದಿನ ಒಂದು ಪುಟ್ಟ ಖಾಲಿ ಬಾಟಲಿಯ ತಳ ಮುಚ್ಚುವಷ್ಟು ಕಣಗಳಾದವು. ಸಕಲೇಶಪುರದ ಅಕ್ಕಸಾಲಿ ಅಣ್ಣಯ್ಯಾಚಾರಿಗೆ ತೋರಿಸಿ ಚಿನ್ನವೇ ಹೌದೋ ಎಂದು ಕೇಳೋಣ, ಜೊತೆಗೆ ಬನ್ನಿ ಎಂದು ನನ್ನನ್ನು ಕರೆದ.

ಹೊರಡುವ ಹಿಂದಿನ ದಿನ ಅವನ ಹೆಂಡತಿ ವಿಶಾಲಮ್ಮ ಆಫೀಸಿನ ಬಾಗಿಲಿಗೆ ಬಂದಳು. ಗಂಡನಷ್ಟೇ ಕಡಿಮೆ ಮಾತಿನ ಹೆಂಗಸು. ಒಳಗೆ ಬಾ ಎಂದರೂ ಬರಲಿಲ್ಲ.

"ನಾಳೀಕೆ ಆಚಾರಿ ತಾವ ಹೋಯ್ತೀರಂತೆ. ಅದು ಚಿನ್ನ ಆಗಿದ್ರೂ ಅಲ್ಲ ಅನ್ನಕ್ಕೆ ಹೇಳ್ಬೇಕು ರೈಟ್ರೇ."

ನಾನು ಹಾಜರಿ ಪುಸ್ತಕವನ್ನು ಮುಚ್ಚಿಟ್ಟೆ.

"ಹೌದು ಅಂದ್ಬುಟ್ರೆ ಈ ಜನ್ಮಕ್ಕೆ ಹಳ್ಳ ಬುಟ್ಟು ಮ್ಯಾಕೆ ಬರಾಕಿಲ್ಲ. ತಣ್ಣೀರಿಗೆ ಇಳಿದ್ರೆ ಮುಂದಿನ ಮಳೆಗಾಲ ಕಾಣಾಕಿಲ್ಲ ಅಂತ ಡಾಕ್ಟ್ರು ನನ್ ತಾವ ಅಂದವ್ರೆ."

"ನೀನೇ ಬೇಡ ಅನ್ನಬಾರದೇನಮ್ಮ?"

"ನಾ ಅಂದ್ರೆ ನಿಲ್ಲುಸ್ತಾರೆ. ಇವ್ಳಿಂದ ನಿಂತೋಯ್ತು ಅಂತ ಒಳಗೊಳಗೆ ಕೊರಗ್ತಾರೆ. ಅಲ್ಲಿ ಏನೂ ಇರ್ನೇ ಇಲ್ಲ ಅಂತಾದ್ರೆ ಕೊರಗಾಕೆ ಏನೈತೆ?"

ಆ ರಾತ್ರಿ ನಾನು ಅವಳನ್ನೂ ಶಪಿಸಿದೆ, ಹಳ್ಳವನ್ನೂ ಶಪಿಸಿದೆ. ಅವನು ಬಯಸಿದ್ದೇ ಅದೊಂದನ್ನು, ಅದನ್ನೂ ನನ್ನ ಕೈಯಿಂದಲೇ ಕಿತ್ತುಕೊಳ್ಳಬೇಕೆ? ಆದರೆ ಅವನ ಉಸಿರಿನ ಸಿಳ್ಳೆಯನ್ನು ನಾನೂ ಕೇಳಿದ್ದೆ. ಮರುದಿನ ಸಕಲೇಶಪುರದಲ್ಲಿ ಇಳಿದು, ಅವನನ್ನು ಹೋಟೆಲಿನಲ್ಲಿ ಚಹಾದ ಮುಂದೆ ಕೂರಿಸಿ, ಏನೋ ನೆಪ ಹೇಳಿ ಅಣ್ಣಯ್ಯಾಚಾರಿಯ ಅಂಗಡಿಗೆ ಓಡಿದೆ. ಆಚಾರಿ ಎಲ್ಲ ಕೇಳಿ ಕನ್ನಡಕ ತೆಗೆದ.

"ಹಿತ್ತಾಳೆನ ಚಿನ್ನ ಅನ್ನು ಅಂತ ಬಂದೋರು ಬೇಕಾದಷ್ಟು ಜನ ಅವ್ರೆ. ಚಿನ್ನನ ಮಣ್ಣು ಅನ್ನು ಅಂತ ಬಂದೋರು ನೀವೇ ಮೊದ್ಲು ಮಾರಾಯ್ರೆ," ಎಂದ. ಬಹಳ ಹೊತ್ತು ಒಪ್ಪಲಿಲ್ಲ. ಆ ಹೆಂಗಸಿನ ಮಾತನ್ನು ಎರಡನೆಯ ಸಲ ಹೇಳಿದಾಗ ಒಪ್ಪಿದ.

ಸಿದ್ದಬಸಪ್ಪ ಬಂದು ಬಾಟಲಿಯನ್ನು ಎರಡೂ ಕೈಯಲ್ಲಿ ಕೊಟ್ಟ. ಆಚಾರಿ ಕಣಗಳನ್ನು ಕಾಗದದ ಮೇಲೆ ಸುರಿದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸೂಜಿಮೊನೆಯಿಂದ ಸರಿಸಿ ಸರಿಸಿ ನೋಡಿದ. ಸೂಜಿಯನ್ನು ಒಂದು ಕಣದ ಮೇಲೆ ನಿಲ್ಲಿಸಿ ಅವನು ಒಮ್ಮೆ ನನ್ನತ್ತ ನೋಡಿದ್ದನ್ನು ಕಂಡು ಅದು ಚಿನ್ನವೇ ಎಂದು ನನಗೆ ತಿಳಿಯಿತು.

"ಕಾಗೆಬಂಗಾರ ಕಣಪ್ಪ," ಎಂದ ಆಚಾರಿ. ಪುಟ್ಟ ಕುಂಚದಿಂದ ಕಾಗದವನ್ನು ಗುಡಿಸಿ, ಬಾಟಲಿಗೆ ತುಂಬಿ, ಮುಚ್ಚಳ ಒತ್ತಿ ಹಿಂದಕ್ಕೆ ಕೊಟ್ಟ.

"ಕಾಗೆಬಂಗಾರ..." ಎಂದ ಸಿದ್ದಬಸಪ್ಪ. ಆಮೇಲೆ, "ಆಗ್ಲಿ ಬುಡಿ."

ಬಸ್ಸಿನಲ್ಲಿ ಹೆತ್ತೂರು ಬರುವವರೆಗೂ ಅವನು ಕಿಟಕಿಯ ಕಡೆ ತಿರುಗಿ ಕೂತಿದ್ದ. ಮನೆಯ ಅಂಗಳದಲ್ಲಿ ವಿಶಾಲಮ್ಮ ನಿಂತಿದ್ದಳು. ಅವನು ಅವಳ ಎದುರಿಗೇ ಮುಚ್ಚಳ ಕಿತ್ತು, ಬಾಟಲಿಯನ್ನು ಅಂಗಳದ ಮಣ್ಣಿಗೆ ಮಗುಚಿ, ತಳವನ್ನು ಎರಡು ಸಲ ತಟ್ಟಿ, "ಬರೀ ಮಣ್ಣಂತೆ ಕಣೇ," ಎಂದ. ಅವಳು ಒಳಗೆ ಹೋಗಿ ಬಿಸಿನೀರು ತಂದು ಅವನ ಕಾಲಿಗೆ ಹಾಕಿದಳು. ಮರುದಿನ ಅವನು ದೋಣಿಯನ್ನು ಬಿಚ್ಚಿ, ಹಲಗೆಗಳನ್ನು ಹಿತ್ತಿಲ ಬಚ್ಚಲಿಗೆ ಮರೆಯಾಗಿ ಕಟ್ಟಿದ. ಮತ್ತೆ ಹಳ್ಳಕ್ಕೆ ಇಳಿಯಲಿಲ್ಲ. ಊತ ಇಳಿಯಿತು, ಉಸಿರು ಸರಿಯಾಯಿತು. ಆರು ಮಳೆಗಾಲ ಕಂಡ. ನಾನು ಮಾಡಿದ್ದು ಸರಿಯೆಂದು ನನಗೆ ನಾನೇ ಆರು ವರ್ಷ ಹೇಳಿಕೊಂಡೆ.

ಕೊನೆಯ ವರ್ಷ, ನಾನು ಆ ಕೆಲಸ ಬಿಟ್ಟು ಹೊರಡುವಾಗ, ಹೇಳಿ ಹೋಗಲು ಅವನ ಮನೆಗೆ ಹೋದೆ. ವಿಶಾಲಮ್ಮ ಸಂತೆಗೆ ಹೋಗಿದ್ದಳು. ಮನಸ್ಸು ತಡೆಯದೆ, "ನಿನಗೊಂದು ಮಾತು ಹೇಳುವುದಿದೆ ಸಿದ್ದಬಸಪ್ಪ," ಎಂದು ಶುರುಮಾಡಿದೆ. ಅವನು ಕೈಯೆತ್ತಿ ತಡೆದ.

"ಹೇಳ್ಬ್ಯಾಡಿ ರೈಟ್ರೇ. ಮಣ್ಣು ಅಂದೋನು ಒಂದ್ ಕಣನೂ ಬುಡ್ದಂಗೆ ಕುಂಚದಾಗೆ ಗುಡ್ಸಿ ತುಂಬ್ಕೊಟ್ಟ. ಆಚಾರಿ ಬಾಯಿ ಸುಳ್ಳಾಡ್ತು, ಕೈಗೆ ಬರ್ನಿಲ್ಲ. ಹಿಂದಿನ್ ದಿನ ಅವ್ಳು ನಿಮ್ ಆಫೀಸ್ ತಾವ ಬಂದಿದ್ದೂ ಕಂಡಿದ್ದೆ."

"ಗೊತ್ತಿದ್ದೂ ಮಣ್ಣಿಗೆ ಸುರಿದೆಯೇನೋ?"

"ಇಟ್ಕಂಡಿದ್ರೆ ನಂಗೆ ಗೊತ್ತಾಗೈತೆ ಅಂತ ಅವ್ಳಿಗೆ ಗೊತ್ತಾಗ್ಬುಡೋದು. ಮದ್ವೆ ಆದಾಗಿಂದ ಅವ್ಳು ಬೇಕು ಅಂದಿದ್ದು ಅದೊಂದೇ ಕಣ್ರೀ. ಅದ್ನೂ ನನ್ ಕೇಳ್ನಿಲ್ಲ, ನಿಮ್ನ ಕೇಳಿದ್ಳು. ನಾನು ಇನ್ನೇನ್ ಮಾಡ್ಲಿ?"

ಅವನು ಹೋಗಿ ಈಗ ಬಹಳ ವರ್ಷಗಳಾದವು. ಹೆತ್ತೂರಿನ ಕಡೆಯವರು ಸಿಕ್ಕಿದಾಗ ಅವನನ್ನು ನೆನೆದು ನಗುತ್ತಾರೆ, ಕಾಗೆಬಂಗಾರವನ್ನು ಚಿನ್ನವೆಂದು ನಂಬಿ ಮೂರು ಚಳಿಗಾಲ ಹಳ್ಳದಲ್ಲಿ ನಿಂತ ಮರುಳನೆಂದು. ನಾನು ತಿದ್ದಲು ಹೋಗುವುದಿಲ್ಲ. ಇಂಥವರು ನಮ್ಮ ಸುತ್ತ ನಾವೆಣಿಸಿದ್ದಕ್ಕಿಂತ ಹೆಚ್ಚಿದ್ದಾರೆ. ತಮ್ಮೆದುರಿಗೆ ಹೇಳಿದ ಸುಳ್ಳು ಯಾರ ಪ್ರೀತಿಯಿಂದ ಬಂತೆಂದು ತಿಳಿದು, ಅದನ್ನು ನಂಬಿದವರ ಹಾಗೆ ಉಳಿದ ಆಯುಷ್ಯವನ್ನು ಬಾಳಿಬಿಡುತ್ತಾರೆ. ಸತ್ತ ಮೇಲೆ ಊರು ಅವರನ್ನು ಪೆದ್ದರೆನ್ನುತ್ತದೆ. ಹಾಗೆನ್ನಿಸಿಕೊಳ್ಳುವುದಕ್ಕೆ ಅವರು ಎಂದೋ ಒಪ್ಪಿಕೊಂಡಿರುತ್ತಾರೆ.