ಅಡಿಕೆ ಹಾಳೆಯ ಮರೆ

ನನ್ನ ಮನೆಯವರು ತೀರ್ಥರಾಮ ಮಾಸ್ಟರು ರಾಮಕುಂಜದಲ್ಲಿ ಮಕ್ಕಳಿಗೆ ಚಿತ್ರ ಬಿಡಿಸಲು ಕಲಿಸುತ್ತಿದ್ದರು. ಊಟಕ್ಕೆ ಕರೆದರೆ ಕೇಳಿಸದ ಅವರ ಕಿವಿಗೆ ದೂರದಲ್ಲಿ ಹಕ್ಕಿ ರೆಕ್ಕೆ ಬಡಿದರೂ ಕೇಳಿಸುತ್ತಿತ್ತು. ಊರು ಬಿಟ್ಟು ಹೊರಟ ತೋಟದ ದೊರೆಯೊಬ್ಬನಿಂದ ಉದ್ದ ಲೆನ್ಸಿನ ಕ್ಯಾಮರಾ ಕೊಂಡ ಮೇಲಂತೂ ಕೇಳುವುದೇ ಬೇಡ.

ಅರುವತ್ತೆರಡನೇ ಇಸವಿಯ ಬೇಸಗೆ. ಕಡಬದ ಹತ್ತಿರ, ಕೇರಳದಿಂದ ಬಂದು ನೆಲೆಸಿದ್ದ ಉತುಪ್ ಎಂಬವರು ರಬ್ಬರು ಹಾಕಲು ಕಾಡು ಕಡಿಸುತ್ತಿದ್ದರು. ಅಲ್ಲೊಂದು ಹೆಬ್ಬಲಸಿನ ಮರದ ಪೊಟರೆಯೊಳಗೆ ಹೆಣ್ಣು ಮಂಗಟ್ಟೆ ಹಕ್ಕಿ ಮೊಟ್ಟೆಯಿಟ್ಟು, ಬಾಗಿಲಿಗೆ ಮಣ್ಣು ಮೆತ್ತಿ ತನ್ನನ್ನೇ ಮುಚ್ಚಿಕೊಂಡು ಕೂತಿತ್ತು. ಉಳಿದದ್ದು ಒಂದು ಸೀಳು. ಗಂಡು ಹಕ್ಕಿ ಅದರಲ್ಲೇ ಹಣ್ಣು ಕೊಡಬೇಕು. ಮರ ಬಿದ್ದರೆ ತಾಯಿ, ಮರಿ ಎಲ್ಲವೂ ಹೋದಂತೆ. ಇವರು ಹೋಗಿ ಆ ಮರವೊಂದನ್ನು ಬಿಡಿ ಎಂದು ಕೇಳಿಕೊಂಡರು.

"ಹಕ್ಕಿಯೂ ಇಲ್ಲ, ಎಂತದೂ ಇಲ್ಲ. ನಾನೇ ಹೋಗಿ ನೋಡಿದ್ದೇನೆ" ಎಂದರು ಉತುಪ್. ಕೊಡಲಿಯವರನ್ನು ಕಟ್ಟಿಕೊಂಡು ಹೋದರೆ ಯಾವ ಗಂಡು ಹಕ್ಕಿ ಬಂದೀತು? ಇವರು ಫೋಟೋ ತೆಗೆದು ತೋರಿಸಿದರು. ಬೆಳಗಿನ ಬಿಸಿಲು ನೇರ ಲೆನ್ಸಿಗೆ ಹೊಡೆದು ಪಟವೆಲ್ಲ ಬೆಳ್ಳಗಾಗಿತ್ತು.

"ಇದೆಂತ ಮಾಸ್ಟ್ರೆ, ಮಂಜಿನ ಫೋಟೋವಾ? ಸೋಮವಾರ ಗರಗಸದವರು ಬರ್ತಾರೆ."

ಲೆನ್ಸಿಗೆ ಬಿಸಿಲಿನ ಮರೆ ಬೇಕಿತ್ತು. ಹಾಲಿನ ಪುಡಿಯ ಡಬ್ಬ ಕತ್ತರಿಸಿ ತೊಡಿಸಿದರೆ ಒಳಗಿನ ತಗಡು ಮಿಂಚಿ ಇನ್ನಷ್ಟು ಕೆಟ್ಟಿತು. ರಟ್ಟಿನ ಕೊಳವೆ ಉದ್ದವಾಗಿ, ಇಣುಕಿದರೆ ಪಟದ ಮೂಲೆಗಳೇ ಕಪ್ಪು. ಕಡೆಗೆ ಅಡಿಕೆ ಹಾಳೆ ನೆನೆಸಿ, ಲೆನ್ಸಿನ ತುದಿಗೆ ಸುತ್ತಿ ಕಟ್ಟಿ, ಹದವಾಗಿ ಕತ್ತರಿಸಿ, ಒಳಮೈಗೆ ದೀಪದ ಮಸಿ ಬಳಿದರು. ಬಿಸಿಲಿಗೆ ಹಿಡಿದರೂ ಗಾಜಿನ ಮೇಲೆ ನೆರಳು ನಿಂತಿತು. ನೋಡಿ ನನಗೇ ಹೆಮ್ಮೆಯಾಯಿತು.

ಆದರೆ ಒಣಗಿದ ಹಾಳೆ ಬಿಗಿದು, ದೂರಕ್ಕೆ ತಕ್ಕಂತೆ ತಿರುಗಿಸುವ ಫೋಕಸ್ಸಿನ ಬಳೆಯನ್ನೂ ಕಚ್ಚಿ ಹಿಡಿಯಿತು. ಇನ್ನು ಒಂದೇ ದೂರದ ವಸ್ತು ಸ್ಪಷ್ಟ. ನೆನೆಸಿ ಬಿಡಿಸಲು ಹೋದರೆ ಲೆನ್ಸಿನೊಳಗೆ ನೀರು.

"ಗಣಪತಿ ಮಾಡ್ಲಿಕ್ಕೆ ಹೋಗಿ ಅವನಪ್ಪನನ್ನು ಮಾಡಿದ್ರಿ" ಎಂದೆ.

"ಬಳೆ ತಿರುಗದಿದ್ರೆ ನಾನೇ ಹತ್ತಿರ ಹೋಗುದು."

ಆ ದೂರಕ್ಕೆ ಸಿಕ್ಕಿದ್ದು ಪೊಟರೆಯ ಎದುರಿನ ಮಾವಿನ ಕೊಂಬೆ. ಅದರ ತುಂಬ ಕೆಂಜಿಗ ಇರುವೆ. ಶನಿವಾರ ನಸುಕಿಗೇ ಹತ್ತಿ, ಸೊಪ್ಪು ಹೊದ್ದು ಕೂತರು. ನಾನು ಕೆಳಗೆ ಪೊದೆಯಲ್ಲಿದ್ದೆ. ಇರುವೆಗಳು ಕುತ್ತಿಗೆ, ಕಿವಿ ಕಚ್ಚುತ್ತಿದ್ದರೂ ಮನುಷ್ಯ ಅಲುಗಲಿಲ್ಲ. ಮನೆಯಲ್ಲಿ ಒಂದು ಸೊಳ್ಳೆ ಕಚ್ಚಿದರೆ ಊರು ಕೂಡಿಸುವವರು! ಬಿಸಿಲೇರಿದ ಮೇಲೆ ಗಂಡು ಬಂತು, ಕ್ಯಾಮರಾ ಕ್ಲಿಕ್ಕೆಂದಿತು. ಆವತ್ತು ಅವರ ಮೇಲೆ ನನಗೆ ಹುಟ್ಟಿದಷ್ಟು ಗೌರವ ಮದುವೆಯ ದಿನವೂ ಇರಲಿಲ್ಲ.

ಪುತ್ತೂರಿನ ಸ್ಟುಡಿಯೋದಲ್ಲಿ ತೊಳೆಸಿದ ಪಟವನ್ನು ಆದಿತ್ಯವಾರ ಉತುಪ್ ಕೈಗೆ ಕೊಟ್ಟೆವು. ಸೀಳಿನಿಂದ ಚಾಚಿದ ಹೆಣ್ಣಿನ ಕೊಕ್ಕು, ಹೊರಗೆ ಗೋಳಿ ಮರದ ಹಣ್ಣು ಹಿಡಿದ ಗಂಡು. ಅದರ ರೆಪ್ಪೆಗೂದಲು ಕೂಡ ಕಾಣುತ್ತಿತ್ತು. ಉತುಪ್ ಅವರ ಹೆಂಡತಿ ಅಚ್ಚಾಮ್ಮ ಪಟ ತೆಗೆದುಕೊಂಡು ಬಹಳ ಹೊತ್ತು ನೋಡಿದರು.

"ಇಲ್ಲಿಗೆ ಬಂದ ವರ್ಷ ನಾನು ಬಸುರಿ, ಮೇಲಿಂದ ಮಲೇರಿಯಾ. ಗುಡಿಸಲಿಂದ ಏಳ್ಲಿಕ್ಕೇ ಆಗ್ತಿರ್ಲಿಲ್ಲ" ಎಂದರು ನನಗೆ. "ಇವ್ರೇ ಗಂಜಿ ತಂದು ಬಾಯಿಗೆ ಹಾಕಿದ್ದು."

"ಅದೆಲ್ಲ ಈಗ ಎಂತಕ್ಕೆ?" ಎಂದು ಗದರಿ ಉತುಪ್ ಎದ್ದು ಹೊರಗೆ ಹೋದರು.

ಸೋಮವಾರ ಗರಗಸದವರು ಬಂದಾಗ ಉತುಪ್ ಅವರನ್ನು ಬೇಲಿಯಾಚೆಯೇ ತಡೆದು, ಹೆಬ್ಬಲಸಿನ ಕಡೆ ಕೈ ತೋರಿಸಿ ಹೇಳಿದರಂತೆ: "ಮೆಲ್ಲ ಮಾತಾಡಿ ಮಾರಾಯ್ರೆ, ಒಳಗೆ ಬಾಣಂತಿ ಉಂಟು."