ಕೊಟ್ರಬಸಪ್ಪನ ಹೆಸರಿನ ಯೋಜನೆ

ನಾನೊಂದು ಮೈಕು. ಹುಬ್ಬಳ್ಳಿಯ ಸಣ್ಣ ಶೆಡ್ಡೊಂದರಲ್ಲಿ ಹುಟ್ಟಿದವನು. ಜಾಲರಿಯ ತಲೆ, ಒಂದು ಗುಂಡಿ, ಉದ್ದನೆಯ ವೈರು. ಇಷ್ಟೇ ನನ್ನ ಮೈ. ಮೊದಲು ಶಾಮಿಯಾನದ ಅಂಗಡಿಯಲ್ಲಿದ್ದು ಮದುವೆಗಳಲ್ಲಿ ಜನರನ್ನು ಊಟಕ್ಕೆ ಕರೆಯುತ್ತಿದ್ದೆ. ಆಮೇಲೆ ದಾವಣಗೆರೆ ಕಡೆಯ ಒಂದು ನೂಲಿನ ಗಿರಣಿ ನನ್ನನ್ನು ಕೊಂಡಿತು.

ಗಿರಣಿಗೆ ಹೊಸ ಮಾಲೀಕರು ಬಂದಿದ್ದರು. ಹೊಸ ಯಂತ್ರಗಳು ಬರಲಿದ್ದವು, ಅರ್ಧ ಜನ ಹೋಗಬೇಕಿತ್ತು. ಅದನ್ನು ಹೇಳಲು ನಿರಂಜನ ಎಂಬ ಮ್ಯಾನೇಜರ್ ಬಂದ. "ಬರೀ ವಿಷಯ ಹೇಳಿದ್ರೆ ಜನ ಜಗಳಕ್ಕೆ ಬರ್ತಾರೆ. ಕಥೆ ಹೇಳಿದ್ರೆ ಅತ್ಕೊಂಡು ಹೋಗ್ತಾರೆ" ಎಂದು ಅವನು ಸಹಾಯಕನಿಗೆ ಹೇಳಿದಾಗ ನಾನು ಅವನ ಕೈಯಲ್ಲೇ ಇದ್ದೆ. ಗುಂಡಿ ಮಾತ್ರ ಆಫ್ ಆಗಿತ್ತು.

ಕೆಲಸಗಾರರೆಲ್ಲ ಅಂಗಳದಲ್ಲಿ ಸೇರಿದರು. ಮುಂದಿನ ಸಾಲಿನಲ್ಲಿ, ಅದೇ ಗಿರಣಿಯಲ್ಲಿ ದುಡಿಯುವ ಹಾಲಮ್ಮ ಕೂತಿದ್ದಳು. ಅವಳ ಗಂಡ ಕೊಟ್ರಬಸಪ್ಪ ಹಿಂದಿನ ವರ್ಷ ಹತ್ತಿ ಗೋದಾಮಿನ ಬೆಂಕಿಯಲ್ಲಿ ಸತ್ತಿದ್ದ.

ನಿರಂಜನ ಮೆಲ್ಲಗೆ ಶುರುಮಾಡಿದ. "ಕೊಟ್ರಬಸಪ್ಪ ಓಡಿಹೋಗಬಹುದಿತ್ತು. ಹೋಗಲಿಲ್ಲ. ಗಿರಣಿ ನನ್ನ ತಾಯಿ ಅಂತ ಬೆಂಕಿಗೆ ನುಗ್ಗಿದ. ಅವನು ಪ್ರಾಣವನ್ನೇ ಕೊಟ್ಟ. ನಾವು ಒಂದು ಕೆಲಸ ಬಿಟ್ಟುಕೊಡಲಾರೆವಾ?"

ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಹಾಲಮ್ಮ ಎದ್ದು ಬಂದವಳೇ ನನ್ನನ್ನು ಕಸಿದುಕೊಂಡಳು.

"ನಮ್ಮೆಜಮಾನ್ರು ನುಗ್ಗಲಿಲ್ಲ ಸಾಹೇಬ್ರೆ. ಹತ್ತಿ ಕದೀತಾರೆ ಅಂತ ಗಿರಣಿಯೋರೇ ಹೊರಗಿಂದ ಬೀಗ ಹಾಕಿದ್ರು. ಅವರು ಒಳಗಿಂದ ಬಾಗ್ಲು ಬಡಿಯೋದನ್ನ ನಾನೇ ಕೇಳೀನಿ..."

ಯಾರೋ ನನ್ನ ವೈರು ಕಿತ್ತರು. ಅವಳ ಉಳಿದ ಮಾತು ಮುಂದಿನ ಸಾಲನ್ನೂ ದಾಟಲಿಲ್ಲ. ಮತ್ತೆ ಕರೆಂಟು ಬಂದಾಗ ನಾನು ನಿರಂಜನನ ಕೈಯಲ್ಲಿದ್ದೆ.

"ಪಾಪ, ದುಃಖಕ್ಕೆ ಏನೇನೋ ಹೇಳ್ತಾ ಇದ್ದಾರೆ. ಈ ತಾಯಿಗೊಂದು ಚಪ್ಪಾಳೆ!"

ಜನ ಜೋರಾಗಿ ತಟ್ಟಿದರು. ಅಲ್ಲೇ ಕೆಲಸಕ್ಕಿದ್ದ ಮೈದುನ ಚೌಡಪ್ಪ ಅವಳ ರಟ್ಟೆ ಹಿಡಿದು ಕೂರಿಸಿದ. "ಸುಮ್ನಿರು ಅತ್ಗೆ. ಅಣ್ಣ ಬಾಗ್ಲು ಬಡ್ಕೊಂಡು ಸತ್ತ ಅನ್ನೋದಕ್ಕಿಂತ ಇದೇ ಚಲೋ ಐತಿ."

ಜನರನ್ನು ಮನೆಗೆ ಕಳಿಸುವ ಏರ್ಪಾಟಿಗೆ 'ಕೊಟ್ರಬಸಪ್ಪ ತ್ಯಾಗ ಯೋಜನೆ' ಎಂದು ಹೆಸರಿಟ್ಟರು. ಕೆಲಸ ಹೋದವರ ಹೆಸರನ್ನು ನನ್ನಿಂದಲೇ ಕೂಗಿಸಿದರು. ಮೊದಲ ಹೆಸರು ಹಾಲಮ್ಮನದು. ಅವಳಿಗೆ ಶಾಲು ಹೊದಿಸಿ, ಫೋಟೊ ತೆಗೆದು, ಗೇಟಿನ ಹೊರಗೆ ಬಿಟ್ಟುಬಂದರು. ಸ್ವಲ್ಪ ದಿನಕ್ಕೆ ಚೌಡಪ್ಪನದೂ ಅದೇ ಪಾಡಾಯಿತು.

ಈಗ ನಾನು ಗುಜರಿ ಅಂಗಡಿಯಲ್ಲಿದ್ದೇನೆ. ದನಿ ಹೋಗಿದೆ, ಕೇಳುವುದಷ್ಟೇ ಉಳಿದಿದೆ. ಚೌಡಪ್ಪ ಇಲ್ಲೇ ಕಬ್ಬಿಣ ಹೊರುತ್ತಾನೆ. ಬೆಂಕಿಗೆ ನುಗ್ಗಿದ ಅಣ್ಣನ ಕಥೆಯನ್ನು ಜೊತೆಯವರಿಗೆ ಹೇಳಿ ಅಳುತ್ತಾನೆ. ಅವನ ಕಣ್ಣೀರು ಸುಳ್ಳಲ್ಲ. ಅದೇ ನನಗೆ ಹೆದರಿಕೆ.

ನಿನ್ನೆ ಹಾಲಮ್ಮ ಅವನಿಗೆ ಬುತ್ತಿ ತಂದಿದ್ದಳು. "ಹೌದೇನವ್ವ, ನಿನ್ನ ಗಂಡ ಹಂಗೆ ಬೆಂಕಿಗೆ ಹಾರಿದ್ನಾ?" ಎಂದು ಒಬ್ಬ ಕೇಳಿದ.

ಅವಳು ರೊಟ್ಟಿಯ ಗಂಟು ಬಿಚ್ಚುತ್ತಾ ಮೈದುನನ ಮುಖ ನೋಡಿದಳು.

"ಹೂಂನಪ್ಪ" ಎಂದಳು. "ಹಂಗೇ ಆತು."